ಹರಿಯದ ಬಟ್ಟೆಗೆ ಹಾಕಿದ ತೇಪೆ

ರಜೆಗೆ ಊರಿಗೆ ಬಂದಿದ್ದಾಗ ಬೆಂಗಳೂರಿನಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಹೆಚ್ಚು ತಿದ್ದಿಲ್ಲ. ಸಭೆಯಲ್ಲಿ ಬಂದ ಮೂರು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಮಾತ್ರ ಹೊಲಿಗೆ ಯಂತ್ರದಿಂದ ಶುರು ಮಾಡುತ್ತೇನೆ. ಯಾಕೆಂದರೆ ನಮ್ಮಪ್ಪ ಟೈಲರ್. ರಾಣೆಬೆನ್ನೂರಿನಲ್ಲಿ ಒಂದು ಓಣಿಯ ಮೂಲೆಯಲ್ಲಿ ಅವರ ಅಂಗಡಿ ಇತ್ತು. ಹೊಸ ಬಟ್ಟೆ ಹೊಲಿಯೋದಕ್ಕಿಂತ ಹಳೆಯದನ್ನು ರಿಪೇರಿ ಮಾಡುವ ಕೆಲಸವೇ ಜಾಸ್ತಿ. ಶಾಲೆ ತೆರೆಯುವ ಮುಂಚೆ ಖಾಕಿ ಚಡ್ಡಿಗಳ ರಾಶಿ ಬರುತ್ತಿತ್ತು. ಕೂತು ಕೂತು ಹಿಂದುಗಡೆ ಸವೆದು ಹೋದ ಚಡ್ಡಿಗಳು. ಅಪ್ಪ ಅವಕ್ಕೆ ತೇಪೆ ಹಾಕುತ್ತಿದ್ದರು. ಅದೇ ಬಣ್ಣದ ಬಟ್ಟೆ ಹುಡುಕೋರು, ಅದೇ ಬಣ್ಣದ ದಾರ ಪೋಣಿಸೋರು. ಬಟ್ಟೆಯ ಎಳೆ ಯಾವ ದಿಕ್ಕಿಗೆ ಓಡುತ್ತದೋ ತೇಪೆಯ ಎಳೆಯನ್ನೂ ಅದೇ ದಿಕ್ಕಿಗೆ ಇಡೋರು. ತೇಪೆ ಕಾಣಬಾರದು. ಕಂಡರೆ ಹುಡುಗನನ್ನು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ. ನನಗೆ ಗೊತ್ತಿದ್ದ ತೇಪೆ ಎಂದರೆ ಇದು. ಬಡತನವನ್ನು ಮುಚ್ಚುವ ಒಂದು ತುಂಡು ಬಟ್ಟೆ.

ಆಮೇಲೆ ಕೆಲಸಕ್ಕೆ ಅಂತ ಜರ್ಮನಿಗೆ ಹೋದೆ. ಪಶ್ಚಿಮ ಭಾಗದ ರೂರ್ ಪ್ರದೇಶಕ್ಕೆ. ಹಿಂದೆ ಕಲ್ಲಿದ್ದಲು, ಉಕ್ಕು ಎರಡೂ ತುಂಬಿದ್ದ ನಾಡು ಅದು. ಅಲ್ಲಿ ಗೆಲ್ಸೆನ್‌ಕಿರ್ಶೆನ್ ಅಂತ ಒಂದು ಊರಿದೆ. ಶಾಲ್ಕೆ 04 ಅಲ್ಲಿನ ಕ್ಲಬ್. ಹುಟ್ಟಿದ್ದು 1904ರಲ್ಲಿ, ಅದಕ್ಕೇ ಹೆಸರಿನ ಜೊತೆ 04. ಒಂದು ದಿನ ರೈಲ್ವೆ ಸ್ಟೇಷನ್ ಹತ್ತಿರ 302 ನಂಬರಿನ ಟ್ರಾಮ್ ಹತ್ತಿದೆ. ಅದು ಸ್ಟೇಡಿಯಂ ಕಡೆ ಹೋಗುವ ಟ್ರಾಮ್. ಅವತ್ತು ಪಂದ್ಯ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕಾಲಿಡಲು ಜಾಗ ಇಲ್ಲ. ನನ್ನ ಮೂಗಿನ ಮುಂದೆಯೇ ಒಬ್ಬರ ಬೆನ್ನು. ಅರವತ್ತರ ಆಸುಪಾಸಿನ ಮನುಷ್ಯ. ತೋಳು ಕತ್ತರಿಸಿದ ಜೀನ್ಸ್ ಜಾಕೆಟ್ ಹಾಕಿದ್ದರು. ಆ ಜಾಕೆಟ್ ಮೇಲೆ ಅಂಗೈಯಷ್ಟೂ ಖಾಲಿ ಇಲ್ಲ ಅನ್ನುವ ಹಾಗೆ ತೇಪೆಗಳು. ಗುಂಡಗಿನವು, ಗುರಾಣಿ ಆಕಾರದವು, ಉದ್ದ ಪಟ್ಟಿಯವು. ನೀಲಿ, ಬಿಳಿ, ಅಲ್ಲಲ್ಲಿ ಕೆಂಪು. ಒಂದರ ಅಂಚನ್ನು ಇನ್ನೊಂದು ಒತ್ತಿಕೊಂಡು ಕೂತಿತ್ತು. ನಮ್ಮ ಕಡೆಯ ಕೌದಿಯ ಹಾಗೆ.

ಕೆಳಗೆ ಬಟ್ಟೆ ಎಲ್ಲೂ ಹರಿದಿರಲಿಲ್ಲ.

ನಾನು ಟೈಲರ್ ಮನೆಯ ಮಗು. ಕಣ್ಣು ಮೊದಲು ಹೋಗುವುದು ಹೊಲಿಗೆಯ ಮೇಲೆ. ಬೆನ್ನಿನ ಎಡಗಡೆಯ ಎರಡು ಮೂರು ತೇಪೆಗಳ ಹೊಲಿಗೆ ಬಲು ಚೊಕ್ಕ, ಅಕ್ಕಿಕಾಳು ಜೋಡಿಸಿದ ಹಾಗೆ. ಮಿಕ್ಕಿದ್ದೆಲ್ಲ ಅಂಕುಡೊಂಕು. ಒಂದು ಕಡೆ ಕಪ್ಪು ದಾರ, ಇನ್ನೊಂದು ಕಡೆ ಯಾವುದೋ ಹಸಿರು ದಾರ. ಎರಡು ಕೈಗಳ ಕೆಲಸ ಇದು ಅಂತ ಅನ್ನಿಸಿತು. ನನಗೆ ಬರುವ ಅರೆಬರೆ ಜರ್ಮನ್‌ನಲ್ಲಿ ಕೇಳಿಯೇ ಬಿಟ್ಟೆ. ಅವರು ತಿರುಗಿ ನೋಡಿದರು. ತುಂಬಾ ಹೊತ್ತು ನಕ್ಕರು. ಚೊಕ್ಕವಾದದ್ದು ಅಮ್ಮ ಹೊಲಿದದ್ದಂತೆ, ಅವರು ಹದಿನೈದು ವರ್ಷದ ಹುಡುಗನಾಗಿದ್ದಾಗ. ಉಳಿದದ್ದು ಅವರೇ ಹೊಲಿದದ್ದು, ನಲವತ್ತಕ್ಕೂ ಹೆಚ್ಚು ವರ್ಷಗಳಿಂದ. ಇಷ್ಟು ವರ್ಷದಲ್ಲಿ ಹೊಲಿಗೆಯ ಬಗ್ಗೆ ಯಾರೂ ಕೇಳಿರಲಿಲ್ಲ, ಎಲ್ಲರೂ ತೇಪೆಯ ಬಗ್ಗೆಯೇ ಕೇಳುತ್ತಾರೆ ಅಂದರು. ಆ ದಿನದಿಂದ ನಾವು ಪರಿಚಯದವರು. ಈ ಮಾತಿನಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ. ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಟ್ರಾಮಿನವರು ಅಂತಲೇ ಕರೆಯುತ್ತೇನೆ.

ಆ ಜಾಕೆಟ್ಟಿಗೆ ಜರ್ಮನ್ನರು ಕುಟ್ಟೆ ಅನ್ನುತ್ತಾರೆ. ನಮಗೆ ಕುಟ್ಟೆ ಅಂದರೆ ಜೋಳಕ್ಕೆ, ಮರಕ್ಕೆ ಬೀಳುವ ಹುಳ ಅಲ್ವಾ? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜರ್ಮನ್‌ನಲ್ಲಿ ಕುಟ್ಟೆ ಎಂದರೆ ಕ್ರೈಸ್ತ ಸನ್ಯಾಸಿಗಳು ತೊಡುವ ನಿಲುವಂಗಿ. ಒಂದು ಸಲ ತೊಟ್ಟರೆ ಜೀವನಪೂರ್ತಿ ಅದೇ. ಈ ಹೆಸರು ಜೀನ್ಸ್ ಜಾಕೆಟ್ಟಿಗೆ ಹೇಗೆ ಹತ್ತಿತೋ ಏನೋ, ಹೊಂದುವುದಂತೂ ಚೆನ್ನಾಗಿ ಹೊಂದುತ್ತದೆ. ಬೈಕ್ ಗುಂಪಿನವರೂ ಹೆವಿ ಮೆಟಲ್ ಸಂಗೀತದವರೂ ಇಂಥದ್ದೇ ಜಾಕೆಟ್ ಹಾಕುತ್ತಾರೆ. ಅಲ್ಲೂ ಅದು ಕುಟ್ಟೆಯೇ. ಮೇಲೆ ಹೊಲಿಯುವ ತೇಪೆಗೆ ಔಫ್‌ನೇಯರ್ ಅನ್ನುತ್ತಾರೆ. ಅಂದರೆ ಮೇಲೆ ಹೊಲಿದದ್ದು, ಅಷ್ಟೇ. ಆ ಮಾತಿನಲ್ಲಿ ತೂತು ಮುಚ್ಚುವ ಅರ್ಥ ಇಲ್ಲ. ನಮ್ಮ ತೇಪೆಯಲ್ಲಿ ಇದೆ. ಆದರೂ ನಾನು ತೇಪೆ ಅಂತಲೇ ಹೇಳುತ್ತೇನೆ. ನನಗೆ ಬೇರೆ ಪದ ಬಾಯಿಗೆ ಬರುವುದಿಲ್ಲ.

ಕುಟ್ಟೆ ಮಾಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ಇದೇ ಇಷ್ಟದ ಭಾಗ.

ಮೊದಲು ಜಾಕೆಟ್. ಡೆನಿಮ್ಮೇ ಆಗಬೇಕು. ಬೇರೆ ಬಟ್ಟೆ ಇಷ್ಟು ಭಾರ ಹೊರುವುದಿಲ್ಲ. ಐವತ್ತು ಅರವತ್ತು ತೇಪೆ, ಅದರ ಮೇಲೆ ಪಿನ್ನು ಬ್ಯಾಡ್ಜುಗಳು. ತೆಳುವಾದ ಬಟ್ಟೆಯಾದರೆ ಭುಜದಲ್ಲೇ ಜೋತು ಬೀಳುತ್ತದೆ. ತೋಳನ್ನು ಹೊಲಿಗೆಯ ಹತ್ತಿರ ಕತ್ತರಿಸುತ್ತಾರೆ. ಅಂಚನ್ನು ಮಡಿಚಿ ಹೊಲಿಯುವವರು ಕಡಿಮೆ. ಎಳೆ ಬಿಚ್ಚಿಕೊಂಡು ಜಾಲರಿಯ ಹಾಗೆ ನಿಲ್ಲಲಿ ಅಂತ ಬಿಡುತ್ತಾರೆ. ಎದೆಯ ಎಡಗಡೆ, ಹೃದಯದ ಮೇಲೆ, ಕ್ಲಬ್ಬಿನ ಲಾಂಛನ. ಬೆನ್ನಿನ ನಡುವೆ ದೊಡ್ಡ ತೇಪೆ, ಊಟದ ತಟ್ಟೆಯಷ್ಟು ಅಗಲ. ಅದನ್ನು ಮೊದಲು ಕೂರಿಸಬೇಕು. ಆಮೇಲೆ ಅದರ ಸುತ್ತ ಉಳಿದವು ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತವೆ. ತಾನು ಸೇರಿದ ಫ್ಯಾನ್ ಕ್ಲಬ್ಬಿನದು, ಹೋಗಿ ಬಂದ ಊರುಗಳದು, ನೋಡಿದ ಫೈನಲ್ಲುಗಳದು.

ಯಂತ್ರದಲ್ಲಿ ಹೊಲಿದರೆ ಸುಲಭ ಅಂತ ಅನ್ನಿಸುತ್ತದೆ. ಅಲ್ಲ. ತೇಪೆಯೇ ಒತ್ತಾದ ಕಸೂತಿ. ಅದರ ಅಂಚು ಓವರ್‌ಲಾಕ್ ಮಾಡಿ ದಪ್ಪ ಆಗಿರುತ್ತದೆ. ಕೆಳಗೆ ಡೆನಿಮ್. ಡೆನಿಮ್ಮಿನ ಜೋಡುಹೊಲಿಗೆ ಬಂದ ಕಡೆ ನಾಲ್ಕು ಪದರ. ಮನೆಯ ಯಂತ್ರದ ಸೂಜಿ ಅಲ್ಲಿ ಟಪ್ ಅಂತ ಮುರಿಯುತ್ತದೆ. ಜೇಬಿನ ಮೇಲೆ ಯಂತ್ರ ಓಡಿಸಿದರೆ ಜೇಬೇ ಮುಚ್ಚಿಹೋಗುತ್ತದೆ. ಹಾಗಾಗಿ ಒಂದು ಕೈಯನ್ನು ಜೇಬಿನೊಳಗೆ ಹಾಕಿ, ಇನ್ನೊಂದು ಕೈಯಲ್ಲಿ ಸೂಜಿ ಚುಚ್ಚಬೇಕು. ಒಳಗಿನ ಬೆರಳಿಗೆ ಸೂಜಿ ತಗುಲುವುದು ಖಾತ್ರಿ. ಟ್ರಾಮಿನವರು ಇಕ್ಕಳ ಹಿಡಿದು ಸೂಜಿ ಎಳೆಯುತ್ತಾರೆ. ಒಂದು ತೇಪೆಗೆ ಒಂದು ಸಂಜೆ. ಇಸ್ತ್ರಿ ಒತ್ತಿದರೆ ಅಂಟುವ ತೇಪೆಗಳೂ ಸಿಗುತ್ತವೆ, ಆದರೆ ಮಳೆಯಲ್ಲಿ ಎರಡು ಸಲ ನೆಂದರೆ ಮೂಲೆ ಏಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಟಿಸಿದ್ದನ್ನು ಅವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೂತು ಹೊಲಿಯಬೇಕು.

ಒಂದು ವಿಷಯ ನನ್ನನ್ನು ಬಹಳ ತಟ್ಟಿತು. ಅವರ ಕುಟ್ಟೆಯ ಎರಡೂ ಪಕ್ಕದಲ್ಲಿ ನಾಲ್ಕು ಬೆರಳು ಅಗಲದ ಬೇರೆ ಬಟ್ಟೆಯ ಪಟ್ಟಿ ಇದೆ. ಹದಿನೈದರ ಹುಡುಗ ಮೂವತ್ತೈದಾದಾಗ ಜಾಕೆಟ್ ಬಿಗಿಯಾಯಿತು. ಬೇರೆ ಜಾಕೆಟ್ ತಗೊಂಡು ತೇಪೆಗಳನ್ನು ಬಿಚ್ಚಿ ಅದಕ್ಕೆ ಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಪಕ್ಕ ಬಿಚ್ಚಿ ಪಟ್ಟಿ ಕೊಟ್ಟರು. ಹತ್ತು ವರ್ಷ ಬಿಟ್ಟು ಇನ್ನೊಂದು ಪಟ್ಟಿ. ಅಮ್ಮನ ಹೊಲಿಗೆ ಬಿಚ್ಚಲು ಮನಸ್ಸಾಗಲಿಲ್ಲ ಅಂದರು. ನಮ್ಮಪ್ಪ ಇದನ್ನು ನೋಡಿದ್ದರೆ ಪಟ್ಟಿ ಕೊಟ್ಟ ರೀತಿಯನ್ನು ಖಂಡಿತ ಮೆಚ್ಚುತ್ತಿದ್ದರು.

ಇದೆಲ್ಲ ಶುರುವಾದದ್ದು 1970ರ ದಶಕದಲ್ಲಿ. ಜರ್ಮನಿಯ ಮೇಲ್ಮಟ್ಟದ ಲೀಗ್ ಆದ ಬುಂಡೆಸ್‌ಲೀಗಾ ಶುರುವಾಗಿದ್ದು 1963ರಲ್ಲಿ. ಅದಕ್ಕೂ ಮುಂಚೆ ದೇಶಕ್ಕೆಲ್ಲ ಒಂದೇ ಲೀಗ್ ಇರಲಿಲ್ಲ. ಈಗ ರೂರ್‌ನ ಹುಡುಗರು ಹ್ಯಾಂಬರ್ಗ್‌ಗೆ, ಮ್ಯೂನಿಕ್‌ಗೆ ರೈಲು ಹತ್ತಿ ಹೋಗಬಹುದಾಗಿತ್ತು. ಹೋದ ಊರಿನಲ್ಲಿ ನಾವು ಇಂಥವರು ಅಂತ ತೋರಿಸಬೇಕು. ತೋರಿಸುವುದು ಹೇಗೆ? ಕ್ಲಬ್ಬುಗಳು ಆಗ ಮಾರುತ್ತಿದ್ದ ಸಾಮಾನು ಬಹಳ ಕಡಿಮೆ. ಆದ್ದರಿಂದ ಮನೆಯಲ್ಲೇ ಮಾಡಿಕೊಳ್ಳಬೇಕಿತ್ತು. ಅಜ್ಜಿಯರು ಎರಡು ಬಣ್ಣದ ಉಣ್ಣೆ ತಗೊಂಡು ಪಟ್ಟೆಪಟ್ಟೆ ಸ್ಕಾರ್ಫ್ ಹೆಣೆದು ಕೊಡುತ್ತಿದ್ದರು. ಹುಡುಗರು ಅದನ್ನು ಕೊರಳಿಗಷ್ಟೇ ಅಲ್ಲ, ಮಣಿಕಟ್ಟಿಗೂ ಸೊಂಟದ ಬೆಲ್ಟಿಗೂ ಕಟ್ಟಿಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಇದು ಇನ್ನೂ ಹಳೆಯದು. ಅಲ್ಲಿ ಕಪ್ ಪಂದ್ಯಕ್ಕೆ ಹೋಗುವವರು ರಿಬ್ಬನ್ನಿನ ದೊಡ್ಡ ಹೂವು ಮಾಡಿ, ನಡುವೆ ಬೆಳ್ಳಿ ಕಾಗದದಲ್ಲಿ ಕತ್ತರಿಸಿದ ಪುಟ್ಟ ಕಪ್ ಅಂಟಿಸಿ, ಕೋಟಿಗೆ ಚುಚ್ಚಿಕೊಳ್ಳುತ್ತಿದ್ದರು. 1970ರ ಸುಮಾರಿಗೆ ಕೆಲವು ಹುಡುಗರು ಕಸಾಯಿಯವರು ತೊಡುವ ಬಿಳಿ ಕೋಟಿನ ಮೇಲೆ ಪೆನ್ನಿನಿಂದ ಆಟಗಾರರ ಹೆಸರು ಬರೆದುಕೊಂಡು ಬರುತ್ತಿದ್ದರು.

ಅದೇ ಕಾಲದಲ್ಲಿ ಜರ್ಮನಿಯಲ್ಲಿ ಇನ್ನೊಂದು ಘಟನೆ ಆಯಿತು. ಬ್ರೌನ್‌ಶ್ವೈಗ್ ಊರಿನ ಕ್ಲಬ್ಬಿಗೆ ಹಣದ ಅಡಚಣೆ. ಯೇಗರ್‌ಮೈಸ್ಟರ್ ಎಂಬ ಮದ್ಯದ ಕಂಪನಿ ಹಣ ಕೊಡಲು ಮುಂದೆ ಬಂತು. ಆಟಗಾರರ ಎದೆಯ ಮೇಲೆ ತನ್ನ ಜಿಂಕೆಯ ತಲೆಯ ಗುರುತು ಇರಬೇಕು ಅಂತ ಕೇಳಿತು. ಅಂಗಿಯ ಮೇಲೆ ಜಾಹೀರಾತಿಗೆ ಫುಟ್‌ಬಾಲ್ ಸಂಘ ಒಪ್ಪಲಿಲ್ಲ. ಆಗ ಕ್ಲಬ್ಬಿನ ಸದಸ್ಯರು ಮತ ಹಾಕಿ ತಮ್ಮ ಲಾಂಛನವನ್ನೇ ಬದಲಾಯಿಸಿಬಿಟ್ಟರು. ಸಿಂಹ ಹೋಯಿತು, ಜಿಂಕೆ ಬಂತು. 1973ರ ಮಾರ್ಚ್ 24ರಂದು ಆ ಅಂಗಿ ತೊಟ್ಟು ಆಡಿದರು. ಎದುರಾಳಿ ಯಾರು ಗೊತ್ತಾ? ಶಾಲ್ಕೆ. ಬುಂಡೆಸ್‌ಲೀಗಾದಲ್ಲಿ ಅಂಗಿಯ ಮೇಲೆ ಪ್ರಾಯೋಜಕರ ಗುರುತು ಬಂದದ್ದು ಅದೇ ಮೊದಲು. ಆ ವರ್ಷವೇ ಸಂಘ ಜಾಹೀರಾತಿಗೆ ಒಪ್ಪಿಗೆಯನ್ನೂ ಕೊಟ್ಟಿತು.

ನನಗೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ. ಮೈದಾನದ ಒಳಗೆ ಆಟಗಾರನ ಎದೆ ಮಾರಾಟಕ್ಕೆ ಬಂದ ಹೊತ್ತಿನಲ್ಲೇ, ಮೈದಾನದ ಹೊರಗೆ ನಿಂತ ಹುಡುಗರು ತಮ್ಮ ಎದೆ, ಬೆನ್ನು ಎರಡನ್ನೂ ತಮಗೆ ಬೇಕಾದ್ದರಿಂದ ತುಂಬಿಸಿಕೊಳ್ಳುತ್ತಿದ್ದರು. ಯಾರೂ ಅವರಿಗೆ ಅದಕ್ಕೆ ಹಣ ಕೊಟ್ಟಿರಲಿಲ್ಲ. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇನ್ನು ಕುಟ್ಟೆಯನ್ನು ಓದುವ ಮಾತು. ಕಲಿತವರು ಹಿಂದಿನಿಂದ ಒಂದು ನೋಟ ನೋಡಿ ಹೇಳಿಬಿಡುತ್ತಾರೆ, ಇವರು ಯಾವ ಊರಿನವರು, ಎಷ್ಟು ವರ್ಷದಿಂದ ಬರುತ್ತಿದ್ದಾರೆ, ಯಾರ ಜೊತೆ ಸ್ನೇಹ, ಯಾರ ಜೊತೆ ಜಗಳ ಅಂತ. ಶಾಲ್ಕೆಯವರ ಕುಟ್ಟೆಯಲ್ಲಿ ನ್ಯೂರೆಂಬರ್ಗ್ ಕ್ಲಬ್ಬಿನ ಕೆಂಪು ತೇಪೆ ಇದ್ದೇ ಇರುತ್ತದೆ. 1980ರ ದಶಕದಿಂದ ಈ ಎರಡು ಕ್ಲಬ್ಬಿನ ಅಭಿಮಾನಿಗಳು ಗೆಳೆಯರು. ಎರಡೂ ತಂಡ ಎದುರುಬದುರಾದರೂ ಅಭಿಮಾನಿಗಳು ಜೊತೆಗೇ ಹಾಡುತ್ತಾರೆ. ಮೊನ್ಶೆನ್‌ಗ್ಲಾಡ್‌ಬಾಖ್ ಅಭಿಮಾನಿಗಳ ಬಟ್ಟೆಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕಾಣುತ್ತದೆ. 1977ರಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಇವರನ್ನು 3-1ರಿಂದ ಸೋಲಿಸಿತ್ತು. 1970ರ ದಶಕದ ಅಂಥ ಪಂದ್ಯಗಳಲ್ಲಿ ಹುಟ್ಟಿದ ಸ್ನೇಹ ಅದು. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಸತ್ತಾಗ, ಆ ಮನೆಯವರಿಗೆ ಅಂತ ಗ್ಲಾಡ್‌ಬಾಖ್ ಕಡೆಯಿಂದ ಹಣ ಕೂಡಿಸಿ ಕಳಿಸಿದರು. ಒಂದು ಪುಟ್ಟ ತೇಪೆಯ ಹಿಂದೆ ಇಷ್ಟೆಲ್ಲ ಇರುತ್ತದೆ.

ಕೆಟ್ಟದ್ದೂ ಇರುತ್ತದೆ. ಅದನ್ನು ಬಿಟ್ಟು ಮಾತಾಡಿದರೆ ಸುಳ್ಳಾಗುತ್ತದೆ. ಎದುರಾಳಿ ಕ್ಲಬ್ಬನ್ನು ಹೀನಾಯವಾಗಿ ಬೈಯುವ ತೇಪೆಗಳು ಎಷ್ಟೋ ಇದ್ದವು, ಈಗಲೂ ಇವೆ. 1980ರ ದಶಕದಲ್ಲಿ ಕೆಲವು ಕಡೆ ಬಲಪಂಥೀಯ ಉಗ್ರರು ಸ್ಟೇಡಿಯಂಗಳಲ್ಲಿ ಬೇರು ಬಿಟ್ಟಿದ್ದರು. ಕೆಲವರ ಬಟ್ಟೆಯಲ್ಲಿ ಹೊರದೇಶದವರ ವಿರುದ್ಧದ ಮಾತುಗಳೂ ಇರುತ್ತಿದ್ದವು. ನನ್ನ ಮೈಬಣ್ಣದ ಒಬ್ಬರು ಆಗ ಆ ಟ್ರಾಮ್ ಹತ್ತಿದ್ದರೆ ಹೇಗಿರುತ್ತಿತ್ತೋ ಅಂತ ಯೋಚಿಸುತ್ತೇನೆ. ಈ ಮಾತನ್ನು ಟ್ರಾಮಿನವರ ಹತ್ತಿರವೂ ಎತ್ತಿದೆ. ಅವರು ಸುಮ್ನೆ ತಳ್ಳಿಹಾಕಲಿಲ್ಲ. ತಮ್ಮ ಕುಟ್ಟೆಯ ಕೆಳ ಅಂಚಿನಲ್ಲಿ ಒಂದು ಜಾಗ ತೋರಿಸಿದರು. ಅಲ್ಲಿ ಒಂದು ತೇಪೆಯ ಮೇಲೆ ಇನ್ನೊಂದು ಹೊಲಿದಿದ್ದಾರೆ. ಕೆಳಗಿನದು ಹದಿನೇಳನೇ ವಯಸ್ಸಿನಲ್ಲಿ ಹಾಕಿಕೊಂಡದ್ದು, ಅದರ ಮೇಲೆ ಏನಿದೆ ಅಂತ ಹೇಳಲು ನಾಚಿಕೆ ಅಂದರು. ಅವರ ಇಡೀ ಕುಟ್ಟೆಯಲ್ಲಿ ಏನನ್ನೋ ಮುಚ್ಚಲು ಹಾಕಿದ ತೇಪೆ ಅದೊಂದೇ. ನಮ್ಮಪ್ಪನ ಅರ್ಥದ ತೇಪೆ.

ರೂರ್‌ನ ಬದುಕು ಆ ಬಟ್ಟೆಗಳಲ್ಲಿ ಕಾಣುತ್ತದೆ. ಶಾಲ್ಕೆ ತಂಡಕ್ಕೆ ಕ್ನಾಪ್ಪೆನ್ ಅನ್ನುತ್ತಾರೆ, ಅಂದರೆ ಗಣಿಯವರು. 1928ರಲ್ಲಿ ಕಟ್ಟಿದ ಅವರ ಹಳೆಯ ಮೈದಾನಕ್ಕೆ ಗಣಿ ಕೆಲಸಗಾರರು ಒಬ್ಬರಿಗೊಬ್ಬರು ಹೇಳುವ 'ಗ್ಲುಕ್ ಔಫ್' ಎಂಬ ಹಾರೈಕೆಯ ಹೆಸರೇ ಇದೆ. ಈಗಿನ ಸ್ಟೇಡಿಯಂನಲ್ಲಿ ಆಟಗಾರರು ಒಳಗಿಂದ ಬರುವ ದಾರಿಯನ್ನು ಕಲ್ಲಿದ್ದಲು ಗಣಿಯ ಸುರಂಗದ ಹಾಗೆ ಮಾಡಿದ್ದಾರೆ. ಕುಟ್ಟೆಗಳ ಮೇಲೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಗುರುತು ನೋಡುತ್ತೀರಿ. ಅದು ಗಣಿಯ ಗುರುತು. ರೂರ್‌ನ ಕೊನೆಯ ಕಲ್ಲಿದ್ದಲು ಗಣಿ, ಬೊಟ್ರಾಪ್ ಊರಿನದು, 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಸುತ್ತಿಗೆಗಳು ಬಟ್ಟೆಯ ಮೇಲೆ ಉಳಿದಿವೆ.

ಇಲ್ಲಿ ನಿಲ್ಲಿಸಿ ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗಬೇಕು. ದಕ್ಷಿಣ ಆಫ್ರಿಕಾಕ್ಕೆ. 2010ರ ವಿಶ್ವಕಪ್ ನೋಡಿದವರಿಗೆ ವುವುಜೆಲಾ ಎಂಬ ಪ್ಲಾಸ್ಟಿಕ್ ತುತ್ತೂರಿಯ ಸದ್ದು ನೆನಪಿರುತ್ತದೆ. ಆ ಜನರ ತಲೆಯ ಮೇಲೆ ಇದ್ದದ್ದು ನೆನಪಿದೆಯಾ? ಕೊಂಬು ಚಾಚಿದ, ಗರಿ ಬಿಚ್ಚಿದ, ಬಣ್ಣಬಣ್ಣದ ಹೆಲ್ಮೆಟ್. ಅದರ ಹೆಸರು ಮಕರಾಪಾ. ಹಳ್ಳಿ ಬಿಟ್ಟು ಗಣಿಗೆ, ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ ವಲಸೆ ಕೂಲಿಗಳನ್ನು ಹಾಗೆ ಕರೆಯುತ್ತಿದ್ದರು. ಅವರ ತಲೆಯ ಗಟ್ಟಿ ಟೊಪ್ಪಿಗೂ ಅದೇ ಹೆಸರು ಬಂತು.

ಆ ಟೊಪ್ಪಿ ಫುಟ್‌ಬಾಲಿಗೆ ಬಂದ ಕಥೆ ಆಲ್ಫ್ರೆಡ್ ಬಲೋಯಿ ಎಂಬವರದು. ಕೈಜರ್ ಚೀಫ್ಸ್ ತಂಡದ ಕಟ್ಟಾ ಅಭಿಮಾನಿ. 1979ರಲ್ಲಿ ಒಂದು ಪಂದ್ಯ ನೋಡುತ್ತಿದ್ದಾಗ ಮೇಲಿನಿಂದ ಯಾರೋ ಎಸೆದ ಬಾಟಲಿ ಒಬ್ಬ ಅಭಿಮಾನಿಯ ತಲೆಗೆ ಬಿತ್ತು. ಬಲೋಯಿ ಮುಂದಿನ ಪಂದ್ಯಕ್ಕೆ ಕೂಲಿಯವರ ಹೆಲ್ಮೆಟ್ ಹಾಕಿಕೊಂಡು ಬಂದರು. ಸುಮ್ನೆ ಹಾಕಿಕೊಂಡು ಬರಲಿಲ್ಲ, ತಂಡದ ಬಣ್ಣ ಬಳಿದುಕೊಂಡು ಬಂದರು. ನೋಡಿದವರು ನನಗೂ ಒಂದು ಮಾಡಿಕೊಡಿ ಅಂದರು. ಆಮೇಲೆ ಅವರು ಪ್ಲಾಸ್ಟಿಕ್ಕನ್ನು ಚಾಕುವಿನಲ್ಲಿ ಕತ್ತರಿಸಿ ಮೇಲಕ್ಕೆ ಬಗ್ಗಿಸುವುದನ್ನು ಕಂಡುಕೊಂಡರು. ಹೆಲ್ಮೆಟ್ಟಿನ ಮೈಯಿಂದಲೇ ಆಟಗಾರನ ಆಕಾರ, ಲಾಂಛನ, ಚೆಂಡು ಎದ್ದು ನಿಲ್ಲುತ್ತದೆ. ತುಂಡು ಬೇರೆ ಮಾಡಿ ಅಂಟಿಸುವುದಿಲ್ಲ. ಒಂದೇ ಹೆಲ್ಮೆಟ್, ಅದು ಅರಳಿದ ಹಾಗೆ. ಅದೇ ಅವರ ಬದುಕಿನ ಕಸುಬಾಯಿತು. ವಿಶ್ವಕಪ್ ಹೊತ್ತಿಗೆ ಯಂತ್ರದಲ್ಲಿ ಕತ್ತರಿಸಿ ಕೈಯಲ್ಲಿ ಬಣ್ಣ ಹಚ್ಚುವ ಕಾರ್ಖಾನೆಯೇ ನಡೆಯಿತು.

ಡೆನಿಮ್, ಕಸಾಯಿಯ ಬಿಳಿ ಕೋಟು, ಗಣಿಯ ಹೆಲ್ಮೆಟ್. ಈ ಮೂರನ್ನೂ ಒಟ್ಟಿಗೆ ಇಟ್ಟಾಗ ನನಗೆ ಒಂದು ವಿಷಯ ಹೊಳೆಯಿತು. ಮೂರೂ ದುಡಿಮೆಯ ಬಟ್ಟೆಗಳು. ಡೆನಿಮ್ ಕೂಡ ಶುರುವಾದದ್ದು ಕೂಲಿ ಕೆಲಸದವರ ಪ್ಯಾಂಟಾಗಿ. 1873ರಲ್ಲಿ ಅಮೆರಿಕದಲ್ಲಿ ಅದರ ಜೇಬಿನ ತಾಮ್ರದ ಮೊಳೆಗೆ ಪೇಟೆಂಟ್ ಸಿಕ್ಕಿತು, ಜೇಬು ಕಿತ್ತುಹೋಗದಿರಲಿ ಅಂತ. 1970ರ ದಶಕದ ಹುಡುಗರಿಗೆ ಅದು ದಿನನಿತ್ಯದ ಬಟ್ಟೆ ಆಗಿತ್ತು, ನಿಜ. ಆದರೂ ಅವರು ಹಬ್ಬದ ಬಟ್ಟೆಗೆ ಅಲಂಕಾರ ಮಾಡಲಿಲ್ಲ. ಒರಟು ಬಟ್ಟೆಗೆ ಮಾಡಿದರು.

ನಮಗೆ ಇದು ಹೊಸದಲ್ಲ ಅಲ್ವಾ? ಆಯುಧಪೂಜೆಯ ದಿನ ನಾವೇನು ಮಾಡುತ್ತೇವೆ? ವರ್ಷವೆಲ್ಲ ಎಣ್ಣೆ ಮೆತ್ತಿಕೊಂಡಿದ್ದ ಲೇತ್ ಯಂತ್ರಕ್ಕೆ, ಲಾರಿಗೆ, ನೇಗಿಲಿಗೆ ಚೆಂಡುಹೂವಿನ ಮಾಲೆ ಹಾಕುತ್ತೇವೆ. ಅಪ್ಪ ಅವತ್ತು ಹೊಲಿಗೆ ಯಂತ್ರ ಒರೆಸಿ, ಕತ್ತರಿಗೂ ಕುಂಕುಮ ಹಚ್ಚಿ, ಅದನ್ನು ಮುಟ್ಟದೆ ಇಡುತ್ತಿದ್ದರು. ದುಡಿಯುವ ವಸ್ತುವಿಗೆ ಒಂದು ದಿನದ ಸಿಂಗಾರ. ಟ್ರಾಮಿನವರಿಗೆ ಈ ಹಬ್ಬದ ಬಗ್ಗೆ ಹೇಳಿ ಫೋನಿನಲ್ಲಿ ಫೋಟೋ ತೋರಿಸಿದೆ. ಹೂ ಮುಡಿದ ಬಸ್ಸನ್ನು ಬಹಳ ಹೊತ್ತು ನೋಡಿದರು.

ಕುಟ್ಟೆ ಕಡಿಮೆಯಾದದ್ದು 1990ರ ದಶಕದಲ್ಲಿ. ಕಾರಣ ಎರಡು. ಒಂದು, ಕ್ಲಬ್ಬುಗಳು ಅಂಗಡಿ ತೆರೆದವು. 1995-96ರ ಋತುವಿನಿಂದ ಬುಂಡೆಸ್‌ಲೀಗಾದಲ್ಲಿ ಆಟಗಾರರಿಗೆ ಋತುವಿಡೀ ಒಂದೇ ನಂಬರು, ಬೆನ್ನ ಮೇಲೆ ಹೆಸರು ಬಂತು. ಅಭಿಮಾನಿಗಳೂ ಅದೇ ಹೆಸರಿನ ಅಂಗಿ ಕೊಂಡರು. ಅಂಥ ಅಂಗಿ ಅಗ್ಗವೇನಲ್ಲ. ಮುಂದಿನ ವರ್ಷ ಹೊಸ ವಿನ್ಯಾಸ ಬರುತ್ತದೆ, ಹಳೆಯದು ಹಳೆಯದಾಗುತ್ತದೆ. ಕೊಂಡವರ ಬಗ್ಗೆ ನನಗೆ ಬೇಸರ ಇಲ್ಲ. ನನ್ನ ಮಗಳ ಹತ್ತಿರವೂ ಒಂದಿದೆ. ಆದರೆ ಆ ಅಂಗಿಯನ್ನು ತೊಟ್ಟಾಗ ನಾವು ಆಟಗಾರನ ವೇಷದಲ್ಲಿರುತ್ತೇವೆ. ಬೆನ್ನ ಮೇಲೆ ಇನ್ನೊಬ್ಬರ ಹೆಸರು. ಆ ಆಟಗಾರ ಮುಂದಿನ ಜೂನ್‌ಗೆ ಬೇರೆ ಕ್ಲಬ್ಬಿಗೆ ಹೋಗಬಹುದು. ಕುಟ್ಟೆ ಹಾಕಿದವರು ಯಾರ ವೇಷದಲ್ಲೂ ಇಲ್ಲ. ಆಟಗಾರರು ಯಾರೂ ಅಂಥ ಬಟ್ಟೆ ತೊಟ್ಟು ಆಡುವುದಿಲ್ಲ. ಅದು ನೋಡಲು ಬಂದವರದೇ ಬಟ್ಟೆ, ಮಳೆಯಲ್ಲಿ ನಿಂತು ಕೂಗಿದವರ ಬಟ್ಟೆ. ನಾನು ಇವತ್ತು ನಿಮ್ಮ ಮುಂದೆ ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ.

ಎರಡನೆಯ ಕಾರಣ ಅಲ್ಟ್ರಾ ಗುಂಪುಗಳು. ಇಟಲಿಯ ಅಭಿಮಾನಿಗಳಿಂದ ಕಲಿತು 1990ರ ದಶಕದಲ್ಲಿ ಜರ್ಮನಿಯಲ್ಲೂ ಹುಟ್ಟಿಕೊಂಡವು. ಅವರು ಒಬ್ಬೊಬ್ಬರಾಗಿ ಸಿಂಗರಿಸಿಕೊಳ್ಳುವುದಿಲ್ಲ. ಬಟ್ಟೆ ಸಾಮಾನ್ಯವಾಗಿ ಕಪ್ಪು. ಬದಲಿಗೆ ಇಡೀ ಸ್ಟ್ಯಾಂಡನ್ನೇ ಒಂದು ಬಟ್ಟೆಯ ಹಾಗೆ ನೋಡುತ್ತಾರೆ. ವಾರಗಟ್ಟಲೆ ಕೂತು ಬಣ್ಣ ಬಳಿದ ದೊಡ್ಡ ದೊಡ್ಡ ಬಟ್ಟೆಗಳನ್ನು ಪಂದ್ಯಕ್ಕೆ ಮುಂಚೆ ಕೆಲವು ನಿಮಿಷ ಎತ್ತಿ ಹಿಡಿಯುತ್ತಾರೆ. ಡಾರ್ಟ್‌ಮುಂಡ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ನಿಂತು ನೋಡಬಹುದು. ಅದು ತುಂಬಿ ಒಂದೇ ಚಿತ್ರವಾಗುವುದನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ. ಅದೂ ಕೈಕೆಲಸವೇ. ನಮ್ಮ ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೇರಿದ ವೆಸ್ಟ್ ಬ್ಲಾಕ್ ಬ್ಲೂಸ್ ಗೆಳೆಯರು ಹಿಡಿದದ್ದು ಈ ದಾರಿ. ಅವರು ನೆಲದ ಮೇಲೆ ಬಟ್ಟೆ ಹಾಸಿ ಬಣ್ಣ ಹಚ್ಚಿದ ಬ್ಯಾನರುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಹಳೆಯ ಕುಟ್ಟೆಯವರು ಈಗಲೂ ಇದ್ದಾರೆ. ಬಹುಪಾಲು ತಲೆ ನರೆತವರು. ಅಲ್ಲೊಬ್ಬ ಇಲ್ಲೊಬ್ಬ ಹುಡುಗ ಹೊಸದಾಗಿ ಶುರು ಮಾಡಿದ್ದೂ ಉಂಟು.

ಪ್ರಶ್ನೆಗಳಿಗೆ ಹೋಗುವ ಮುಂಚೆ ಒಂದು ದಿನದ ಕಥೆ ಹೇಳಲೇಬೇಕು. ಶಾಲ್ಕೆ ಜರ್ಮನಿಯ ಚಾಂಪಿಯನ್ ಆಗಿದ್ದು ಕೊನೆಯದಾಗಿ 1958ರಲ್ಲಿ. ಬುಂಡೆಸ್‌ಲೀಗಾ ಹುಟ್ಟುವ ಮುಂಚೆ. 2001ರ ಮೇ 19, ಋತುವಿನ ಕೊನೆಯ ದಿನ. ಹಳೆಯ ಪಾರ್ಕ್ ಸ್ಟೇಡಿಯಂನಲ್ಲಿ ಶಾಲ್ಕೆ 5-3ರಿಂದ ಗೆದ್ದಿತು. ಹ್ಯಾಂಬರ್ಗ್‌ನಲ್ಲಿ ಬಯರ್ನ್ ಮ್ಯೂನಿಕ್ ಹಿಂದೆ ಬಿದ್ದಿತ್ತು. ಅವರು ಸೋತರೆ ಶಾಲ್ಕೆಯೇ ಚಾಂಪಿಯನ್. ಅಲ್ಲಿ ಪಂದ್ಯ ಮುಗಿಯಿತು ಅಂತ ಇಲ್ಲಿ ಸುದ್ದಿ ಹಬ್ಬಿತು. ಜನ ಮೈದಾನಕ್ಕೆ ನುಗ್ಗಿದರು, ಅತ್ತರು, ಅಪ್ಪಿಕೊಂಡರು. ಅಲ್ಲಿ ಪಂದ್ಯ ಮುಗಿದಿರಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬಯರ್ನ್ ಗೋಲು ಹೊಡೆದು 1-1 ಮಾಡಿತು. ಪ್ರಶಸ್ತಿ ಅವರ ಪಾಲಾಯಿತು. ಶಾಲ್ಕೆಯವರು ಚಾಂಪಿಯನ್ ಆಗಿದ್ದು ನಾಲ್ಕು ನಿಮಿಷ. ಆ ತಂಡವನ್ನು ಅಲ್ಲಿ ಇಂದಿಗೂ 'ಹೃದಯಗಳ ಚಾಂಪಿಯನ್' ಅನ್ನುತ್ತಾರೆ. ಆ ಮಾತಿರುವ ತೇಪೆಯನ್ನು ಹಲವರ ಬೆನ್ನ ಮೇಲೆ ನೋಡಿದ್ದೇನೆ. ಟ್ರಾಮಿನವರ ಬೆನ್ನ ಮೇಲೆ ಇಲ್ಲ. ಅವತ್ತು ಅವರು ಮೈದಾನದಲ್ಲೇ ಇದ್ದರು.

ಇನ್ನು ಪ್ರಶ್ನೆಗಳು.

ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಕೇಳಿದರು: "ಇದನ್ನು ಒಗೆಯುತ್ತಾರಾ?"

ಎಷ್ಟೋ ಜನ ಒಗೆಯುವುದೇ ಇಲ್ಲ. ಒಗೆದರೆ ಅದೃಷ್ಟ ತೊಳೆದುಹೋಗುತ್ತದೆ ಅನ್ನುವ ನಂಬಿಕೆ. ಅದರ ಜೊತೆಗೆ ಒಂದು ಲೆಕ್ಕವೂ ಇದೆ. ನಲವತ್ತು ಕಡೆಯಿಂದ ತಂದ ತೇಪೆಗಳು, ಯಾವುದರ ಬಣ್ಣ ಬಿಡುತ್ತದೆ ಅಂತ ಗೊತ್ತಿಲ್ಲ. ಒಂದು ಕೆಂಪು ದಾರ ಬಣ್ಣ ಬಿಟ್ಟರೆ ಪಕ್ಕದ ಬಿಳಿಯೆಲ್ಲ ಗುಲಾಬಿ. ಟ್ರಾಮಿನವರು ಚಳಿಗಾಲದಲ್ಲಿ ರಾತ್ರಿ ಹೊರಗೆ ಹಿಮದ ಗಾಳಿಗೆ ನೇತುಹಾಕುತ್ತಾರೆ. ವಾಸನೆ ಹೋಗುತ್ತದೆ ಅನ್ನುತ್ತಾರೆ. ಪೂರ್ತಿ ಹೋಗುವುದಿಲ್ಲ.

ಒಬ್ಬ ಹುಡುಗ ಕೇಳಿದ: "ಸಿದ್ಧವಾದ ಕುಟ್ಟೆ ಕೊಳ್ಳಲು ಸಿಗುತ್ತದಾ?"

ಹಳೆಯವು ಮಾರಾಟಕ್ಕೆ ಬರುತ್ತವೆ. ದಯವಿಟ್ಟು ತೊಡಲು ಅಂತ ಕೊಳ್ಳಬೇಡಪ್ಪ. ನೀನು ಹೋಗದ ಊರುಗಳನ್ನು ಮೈಮೇಲೆ ಹೊತ್ತುಕೊಂಡ ಹಾಗಾಗುತ್ತದೆ. ಒಂದು ಹಳೆಯ ಜೀನ್ಸ್ ಜಾಕೆಟ್ ತಗೋ, ಒಂದೇ ಒಂದು ತೇಪೆ ಹೊಲಿ. ಅಷ್ಟರಿಂದಲೇ ಕುಟ್ಟೆ ಶುರುವಾಗುತ್ತದೆ.

ಕೊನೆಗೆ ಒಬ್ಬರು ಕೇಳಿದರು: "ಅವರು ತೀರಿಕೊಂಡ ಮೇಲೆ ಆ ಜಾಕೆಟ್ ಏನಾಗುತ್ತದೆ? ಈಗ ಅದರಲ್ಲಿ ಇನ್ನೂ ಜಾಗ ಇದೆಯಾ?"

ಗೆಲ್ಸೆನ್‌ಕಿರ್ಶೆನ್‌ನಲ್ಲಿ ಶಾಲ್ಕೆ ಅಭಿಮಾನಿಗಳಿಗೆ ಅಂತಲೇ ಒಂದು ಸ್ಮಶಾನ ಇದೆ. 2012ರಲ್ಲಿ ತೆರೆದರು. ಸ್ಟೇಡಿಯಂನ ಆಕಾರದಲ್ಲಿ ಮಾಡಿದ್ದಾರೆ, ನಡುವೆ ಹುಲ್ಲಿನ ಅಂಗಳ, ಸುತ್ತ ಸಮಾಧಿಗಳು. ಜಾಗ ಇರುವುದು ಸರಿಯಾಗಿ 1904 ಜನಕ್ಕೆ. ಟ್ರಾಮಿನವರು ಅಲ್ಲಿ ತಮ್ಮ ಜಾಗ ನೋಡಿಕೊಂಡಿದ್ದಾರೆ. ಕುಟ್ಟೆಯ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ.

ಇನ್ನು ಜಾಗದ ಮಾತು. ಹೌದು, ಇದೆ. ಅಂಗೈಯಷ್ಟೂ ಖಾಲಿ ಇಲ್ಲ ಅಂತ ಮೊದಲು ಹೇಳಿದೆನಲ್ಲ, ಅದು ಬೆನ್ನು ಮಾತ್ರ ನೋಡಿ ಹೇಳಿದ ಮಾತು. ಮುಂದೆ, ಬಲಗಡೆಯ ಜೇಬಿನ ಮೇಲೆ, ಒಂದು ಅಂಗೈ ಅಗಲ ಖಾಲಿ ಬಿಟ್ಟಿದ್ದಾರೆ. ಹದಿನೈದನೇ ವಯಸ್ಸಿನಿಂದಲೂ. ಚಾಂಪಿಯನ್ ಆದ ವರ್ಷ ಬರೆದ ತೇಪೆಗೆ ಆ ಜಾಗ. 2001ರ ಆ ಸಂಜೆ ಅವರ ಜೇಬಿನಲ್ಲಿ ಸೂಜಿ ದಾರ ಇತ್ತಂತೆ. ಇಷ್ಟು ವರ್ಷ ಬಿಸಿಲು ಬಿದ್ದು ಬಿದ್ದು ಆ ಅಂಗೈಯಷ್ಟು ಡೆನಿಮ್ ಬಿಳಿಚಿಕೊಂಡಿದೆ. ಪಕ್ಕದ ತೇಪೆಯ ಅಂಚನ್ನು ಸ್ವಲ್ಪ ಎತ್ತಿ ಒಳಗೆ ತೋರಿಸಿದರು. ಅಲ್ಲಿ ಬಟ್ಟೆ ಇನ್ನೂ ಹೊಸದರ ಹಾಗೆ ಗಾಢ ನೀಲಿ.